ಮಿಸ್ಟರಿ ಶಾಪಿಂಗ್‌ಗೆ ಹೊಸಬರು: ಯಾರ ಮೂಲಕ ಸೇರಬೇಕು, ಯಾವ ಭೇಟಿ ಒಪ್ಪಿಕೊಳ್ಳಬೇಕು, ಯಾವುದನ್ನು ಮುಂದೂಡಬೇಕು

ಸಾಮಾನ್ಯ ಗ್ರಾಹಕರಂತೆ ಹೋಗಿ ಅಲ್ಲಿನ ಸೇವೆಯನ್ನು ಗುಟ್ಟಾಗಿ ಪರೀಕ್ಷಿಸಿ ವರದಿ ಬರೆಯುವವರು ಮಿಸ್ಟರಿ ಶಾಪರ್‌ಗಳು. ಹಾಗೆ ಆಗಬೇಕೆಂದು ಹೊರಟವರ ಮುಂದೆ ಹಲವು ಆಯ್ಕೆಗಳು ಒಟ್ಟೊಟ್ಟಿಗೇ ಬಂದು ನಿಲ್ಲುತ್ತವೆ. ಏಜೆನ್ಸಿಯಲ್ಲಿ ಹೆಸರು ನೋಂದಾಯಿಸುವುದೋ, ಮೊಬೈಲಿಗೆ ಆ್ಯಪ್ ಹಾಕಿಕೊಂಡು ಸಣ್ಣ ಕೆಲಸಗಳನ್ನು ಹಿಡಿಯುವುದೋ? ಅಂಗಡಿಗೆ ಹೋಗುವುದೋ, ರೆಸ್ಟೋರೆಂಟಿನಲ್ಲಿ ಊಟ ಮಾಡಿ ಬರೆಯುವುದೋ, ಮನೆಯಲ್ಲೇ ಕುಳಿತು ಫೋನ್ ಕರೆ ಮಾಡುವುದೋ? ಸಂಭಾವನೆ ಕೊಡುವ ಕೆಲಸ ಮೇಲೋ, ಮಾಡಿದ ಖರ್ಚನ್ನು ಹಿಂದಿರುಗಿಸುವ ಕೆಲಸ ಮೇಲೋ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ಹೆಚ್ಚಿನವರು ಎಲ್ಲಿಗೆ ಹೋಗಬೇಕು, ಏನು ಸಿಗುತ್ತದೆ ಎಂಬುದನ್ನಷ್ಟೇ ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ವರದಿಯನ್ನು: ಅದು ಎಷ್ಟು ಉದ್ದ, ಅದನ್ನು ಯಾರು ಓದುತ್ತಾರೆ, ತಪ್ಪಿದ್ದರೆ ತಿದ್ದಿ ಹೇಳುವವರು ಇದ್ದಾರೆಯೇ ಎಂಬುದನ್ನು. ಭೇಟಿ ಚೆನ್ನಾಗಿ ನಡೆದು ವರದಿ ಕೆಟ್ಟರೆ ಒಂದು ಪೈಸೆಯೂ ಕೈಗೆ ಬರುವುದಿಲ್ಲ. ಆದ್ದರಿಂದ ಕೆಳಗಿನ ಹೋಲಿಕೆಗಳನ್ನೆಲ್ಲ ಈ ಅಳತೆಗೋಲಿನಿಂದಲೇ ಮಾಡಿದ್ದೇನೆ.

ಕೆಲಸ ನಡೆಯುವ ಕ್ರಮ

ಗ್ರಾಹಕರ ವೇಷದಲ್ಲಿ ಹೋಗಿ ಪರೀಕ್ಷಿಸುವ ಈ ಪದ್ಧತಿಗೆ 1940ರ ದಶಕದಲ್ಲಿ ಅಮೆರಿಕದ ವಿಲ್‌ಮಾರ್ಕ್ ಎಂಬ ಸಂಸ್ಥೆ ‘ಮಿಸ್ಟರಿ ಶಾಪಿಂಗ್’ ಎಂಬ ಹೆಸರು ಕೊಟ್ಟಿತೆಂದು ಹೇಳಲಾಗುತ್ತದೆ. ಆ ಕಾಲದಲ್ಲಿ ಇದರ ಉದ್ದೇಶ ಹಣ ಮುಟ್ಟುವ ನೌಕರರ ಪ್ರಾಮಾಣಿಕತೆಯನ್ನು ಪರೀಕ್ಷಿಸುವುದಾಗಿತ್ತು. ಇಂದು ಸೇವೆಯ ಗುಣಮಟ್ಟ, ಸ್ವಚ್ಛತೆ, ಸರದಿಯ ಕಾಯುವಿಕೆ, ಮಾರಾಟದ ನಿಯಮಗಳ ಪಾಲನೆ ಇವೆಲ್ಲವೂ ಅದರೊಳಗೆ ಬಂದಿವೆ. ಸಾಮಾನ್ಯವಾಗಿ ಒಂದು ಕಂಪನಿ ತನ್ನ ಶಾಖೆಗಳನ್ನು ಪರೀಕ್ಷಿಸುವ ಹೊಣೆಯನ್ನು ಏಜೆನ್ಸಿಗೆ ವಹಿಸುತ್ತದೆ. ಏಜೆನ್ಸಿಯು ಪ್ರಶ್ನಾವಳಿಯನ್ನೂ ಸೂಚನಾಪತ್ರವನ್ನೂ ಸಿದ್ಧಪಡಿಸಿ, ತನ್ನಲ್ಲಿ ನೋಂದಾಯಿಸಿಕೊಂಡವರಿಗೆ ಕೆಲಸವನ್ನು ತೋರಿಸುತ್ತದೆ. ನೀವು ಅರ್ಜಿ ಹಾಕುತ್ತೀರಿ, ಕೆಲಸ ಹಂಚುವವರು ಅದನ್ನು ನಿಮಗೆ ಕೊಡುತ್ತಾರೆ, ನೀವು ಹೋಗಿ ಬಂದು ನಿಗದಿತ ಗಡುವಿನೊಳಗೆ ವರದಿ ಸಲ್ಲಿಸುತ್ತೀರಿ. ಆ ಗಡುವು ಬಹಳ ಕಡೆ 12ರಿಂದ 24 ಗಂಟೆಗಳಷ್ಟೇ ಇರುತ್ತದೆ. ಭೇಟಿಯ ದಿನವೇ ಬರೆದು ಮುಗಿಸುವ ಬಿಡುವು ಇಲ್ಲದವರು ಕೆಲಸ ಒಪ್ಪಿಕೊಳ್ಳದಿರುವುದೇ ಲೇಸು.

ಇನ್ನೊಂದು ಮಾತು. ಬಹುಪಾಲು ಏಜೆನ್ಸಿಗಳಲ್ಲಿ ನೀವು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ರಜೆ, ವಿಮೆ, ಖಾತರಿ ಆದಾಯ ಯಾವುದೂ ಇರುವುದಿಲ್ಲ; ತೆರಿಗೆಯ ಲೆಕ್ಕವನ್ನೂ ನೀವೇ ಇಡಬೇಕು. ಇದನ್ನೇ ನಂಬಿ ಇರುವ ಉದ್ಯೋಗವನ್ನು ಬಿಡಬಾರದು.

ಏಜೆನ್ಸಿ ಮತ್ತು ಆ್ಯಪ್

ಎರಡು ದಾರಿಗಳಲ್ಲಿ ಆ್ಯಪ್‌ನ ದಾರಿ ನೋಡಲು ಸುಲಭ. ಫೀಲ್ಡ್ ಏಜೆಂಟ್, ರೋಮ್ಲರ್, ಬಿಮೈಐ ಮೊದಲಾದ ಆ್ಯಪ್‌ಗಳು ನಕ್ಷೆಯಲ್ಲಿ ಹತ್ತಿರದ ಕೆಲಸಗಳನ್ನು ತೋರಿಸುತ್ತವೆ: ಕಪಾಟಿನಲ್ಲಿ ಒಂದು ಸರಕು ಇದೆಯೇ, ಬೆಲೆಚೀಟಿ ಸರಿಯಿದೆಯೇ, ಜಾಹೀರಾತಿನ ಫಲಕ ಹೇಳಿದ ಜಾಗದಲ್ಲಿದೆಯೇ ಎಂದು ಫೋಟೊ ತೆಗೆದು ಕಳುಹಿಸಬೇಕು, ಕೆಲವು ಸಣ್ಣ ಪ್ರಶ್ನೆಗಳಿಗೆ ಉತ್ತರಿಸಬೇಕು. ಅರ್ಜಿ ಹಾಕಿ ಕಾಯುವ ತಾಪತ್ರಯ ಕಡಿಮೆ, ಹಣವೂ ಏಜೆನ್ಸಿಗಿಂತ ಬೇಗ ಬರುವುದುಂಟು. ಆದರೆ ಒಂದೊಂದು ಕೆಲಸದ ಸಂಭಾವನೆ ಚಿಕ್ಕದು. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಕೆಲಸ ತಿರಸ್ಕೃತವಾದಾಗ ಬರುವ ವಿವರಣೆ ಒಂದು ಸಾಲಿನದ್ದು. ‘ಫೋಟೊ ಸ್ಪಷ್ಟವಾಗಿಲ್ಲ’ ಎಂಬುದರಾಚೆ ನಿಮಗೆ ಕಲಿಯಲು ಏನೂ ಸಿಗುವುದಿಲ್ಲ.

ಇಪ್ಸೋಸ್, 1987ರಲ್ಲಿ ಆರಂಭವಾದ ಬೇರ್ ಇಂಟರ್‌ನ್ಯಾಷನಲ್ ಇಂಥ ಏಜೆನ್ಸಿಗಳಲ್ಲಿ ನೋಂದಣಿ ನಿಧಾನ. ಒಪ್ಪಂದಪತ್ರ ಓದಿ ಸಹಿ ಮಾಡಬೇಕು, ವಿವರಗಳನ್ನು ತುಂಬಬೇಕು, ಕೆಲವು ಕಡೆ ಬರವಣಿಗೆಯ ಮಾದರಿ ಕೇಳುತ್ತಾರೆ, ಸೂಚನಾಪತ್ರ ಓದಿದ ಮೇಲೆ ಕಿರುಪರೀಕ್ಷೆಯನ್ನೂ ಕೊಡುತ್ತಾರೆ. ಹಣ ಬರಲು ಒಂದೆರಡು ತಿಂಗಳು ಹಿಡಿಯಬಹುದು. ಇಷ್ಟಾದರೂ ಹೊಸಬರಿಗೆ ನಾನು ಇದೇ ದಾರಿಯನ್ನು ಹೇಳುತ್ತೇನೆ, ಏಕೆಂದರೆ ಇಲ್ಲಿ ವರದಿಯನ್ನು ಒಬ್ಬ ಮನುಷ್ಯ ಓದುತ್ತಾನೆ. ನೀವು ‘ಹೌದು’ ಎಂದು ಗುರುತು ಹಾಕಿ ಕೆಳಗೆ ಅದಕ್ಕೆ ವಿರುದ್ಧವಾದ ವಿವರ ಬರೆದಿದ್ದರೆ ಆ ಸಂಪಾದಕರು ಅದನ್ನು ಹಿಂದಕ್ಕೆ ಕಳುಹಿಸಿ ಯಾವುದು ಸರಿ ಎಂದು ಕೇಳುತ್ತಾರೆ. ಕೊನೆಗೆ ವರದಿಗೆ ಅಂಕ ಕೊಡುವ ಪದ್ಧತಿಯೂ ಅನೇಕ ಕಡೆ ಇದೆ. ಮುಂದೆ ಒಳ್ಳೆಯ ಕೆಲಸ ಯಾರಿಗೆ ಕೊಡಬೇಕೆಂದು ನಿರ್ಧರಿಸುವಾಗ ಕೆಲಸ ಹಂಚುವವರು ನೋಡುವುದು ಆ ಅಂಕವನ್ನೂ, ಒಪ್ಪಿಕೊಂಡ ಕೆಲಸವನ್ನು ಕೈಬಿಟ್ಟ ದಾಖಲೆಯನ್ನೂ. ಆರಂಭದಲ್ಲೇ ಸಿಗುವ ಈ ತಿದ್ದುಪಡಿಗಳಿಗೆ ಯಾವ ಸಂಭಾವನೆಯೂ ಸಮವಲ್ಲ.

ಒಂದೇ ಏಜೆನ್ಸಿಯಲ್ಲಿ ಸಾಕಷ್ಟು ಕೆಲಸ ಸಿಗುವುದು ಅಪರೂಪ. ಒಂದು ಶಾಖೆಗೆ ಒಮ್ಮೆ ಹೋದವರನ್ನು ಮತ್ತೆ ಅಲ್ಲಿಗೆ ಕಳುಹಿಸಲು ತಿಂಗಳುಗಟ್ಟಲೆ ಅಂತರವಿರಬೇಕೆಂಬ ನಿಯಮ ಸಾಮಾನ್ಯ; ಸಿಬ್ಬಂದಿ ಮುಖ ಗುರುತು ಹಿಡಿಯಬಾರದಷ್ಟೆ. ಆದ್ದರಿಂದ ನಾಲ್ಕಾರು ಏಜೆನ್ಸಿಗಳಲ್ಲಿ ಹೆಸರಿರುವುದು ಒಳ್ಳೆಯದು. ಒಟ್ಟಿಗೇ ಹತ್ತಾರು ಕಡೆ ನೋಂದಾಯಿಸಿ ಎಲ್ಲರ ಗಡುವುಗಳನ್ನೂ ತಲೆಯಲ್ಲಿ ಹೊತ್ತು ತಿರುಗುವುದರಿಂದ ಮಾತ್ರ ಮೊದಲ ತಿಂಗಳೇ ಹೆಸರು ಕೆಡುತ್ತದೆ. ಆ್ಯಪ್ ಕೂಡ ಇರಲಿ, ಏಜೆನ್ಸಿಯ ಕೆಲಸಕ್ಕೆ ಹೇಗೂ ಹೋಗುವ ದಾರಿಯಲ್ಲಿ ಒಂದೆರಡು ಫೋಟೊ ಕೆಲಸ ಸಿಕ್ಕರೆ ಅದು ಲಾಭವೇ.

ಯಾವ ಬಗೆಯ ಭೇಟಿ

ಫೋನ್ ಕರೆಯ ಕೆಲಸದಲ್ಲಿ ಪ್ರಯಾಣವಿಲ್ಲ, ಖರ್ಚಿಲ್ಲ. ಹೇಳಿಕೊಟ್ಟ ಸಂದರ್ಭವನ್ನು ಇಟ್ಟುಕೊಂಡು ಕರೆ ಮಾಡಿ, ಎಷ್ಟು ರಿಂಗ್ ಆದ ಮೇಲೆ ಎತ್ತಿದರು, ಹೆಸರು ಹೇಳಿದರೇ, ಕೇಳಿದ ಮಾಹಿತಿ ಕೊಟ್ಟರೇ ಎಂದು ಬರೆಯಬೇಕು. ಸಂಭಾವನೆ ಕಡಿಮೆಯಾದರೂ ಕಣ್ಣ ಮುಂದೆ ಪ್ರಶ್ನಾವಳಿಯನ್ನು ತೆರೆದಿಟ್ಟುಕೊಂಡೇ ಕೆಲಸ ಮಾಡಬಹುದಾದ ಸೌಕರ್ಯ ಗುಟ್ಟಾಗಿ ಮಾಡುವ ಬೇರೆ ಯಾವ ಬಗೆಯಲ್ಲೂ ಇಲ್ಲ. ಸಂಭಾಷಣೆಯನ್ನು ಧ್ವನಿಮುದ್ರಿಸಲು ಹೇಳಿದ್ದರೆ ಅಲ್ಲಿನ ಕಾನೂನು ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲೇ ತಿಳಿದುಕೊಳ್ಳಬೇಕು. ಕೆಲವು ಕಡೆ ಒಬ್ಬರ ಒಪ್ಪಿಗೆ ಸಾಕು, ಕೆಲವು ಕಡೆ ಇಬ್ಬರದೂ ಬೇಕು.

ಚಿಕ್ಕ ಅಂಗಡಿಯ ಭೇಟಿ, ಬೇಗ ಊಟ ಕೊಡುವ ಮಳಿಗೆಯ ಭೇಟಿ, ಪೆಟ್ರೋಲ್ ಬಂಕಿನ ಭೇಟಿ ಇವು ಹೊಸಬರಿಗೆ ಅತ್ಯಂತ ಯೋಗ್ಯವಾದವು. ಒಳಗೆ ಕಳೆಯುವ ಸಮಯ ಕಡಿಮೆ, ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರ ಸಾಕು, ‘ಇಲ್ಲ’ ಎಂದಲ್ಲಿ ಮಾತ್ರ ಕಾರಣ ಬರೆಯಬೇಕು. ಹಾಗೆಂದು ಇವನ್ನು ಹಗುರವಾಗಿ ಕಾಣುವಂತಿಲ್ಲ. ಊಟದ ಮಳಿಗೆಯ ಭೇಟಿಯಲ್ಲಿ ಸರದಿಗೆ ಸೇರಿದ ಹೊತ್ತು, ಆರ್ಡರ್ ಹೇಳಿದ ಹೊತ್ತು, ತಿನಿಸು ಕೈಗೆ ಬಂದ ಹೊತ್ತು ಈ ಮೂರನ್ನೂ ಸೆಕೆಂಡಿನ ಲೆಕ್ಕದಲ್ಲಿ ಕೇಳುವುದುಂಟು. ಫೋನಿನ ಸ್ಟಾಪ್‌ವಾಚನ್ನು ಒಳಗೆ ಕಾಲಿಡುವ ಮೊದಲೇ ಶುರುಮಾಡಿ, ಪ್ರತಿ ಹಂತದಲ್ಲಿ ‘ಲ್ಯಾಪ್’ ಒತ್ತುತ್ತ ಹೋದರೆ ನೋಡುವವರಿಗೆ ಮೆಸೇಜ್ ಓದುತ್ತಿರುವಂತೆಯೇ ಕಾಣುತ್ತದೆ. ಸಿಬ್ಬಂದಿಯ ಹೆಸರು ಬಿಲ್ಲಿನ ಮೇಲೆ ಅಚ್ಚಾಗಿರುವುದುಂಟು. ಇಲ್ಲದಿದ್ದರೆ ಎತ್ತರ, ಕೂದಲು, ಕನ್ನಡಕ, ಅಂದಾಜು ವಯಸ್ಸು ನೆನಪಿಡಬೇಕು. ಕಾರಿನೊಳಗೆ ಅಥವಾ ರಸ್ತೆಯ ತಿರುವಿನಾಚೆ ಹೋದ ಕೂಡಲೇ ಇವೆಲ್ಲವನ್ನೂ ಬರೆದುಕೊಳ್ಳಿ. ಮನೆ ಮುಟ್ಟುವಷ್ಟರಲ್ಲಿ ಕನ್ನಡಕವಿತ್ತೇ ಇರಲಿಲ್ಲವೇ ಎಂಬ ಅನುಮಾನ ಶುರುವಾಗಿರುತ್ತದೆ.

ಈ ಗುಂಪಿಗೇ ಸೇರುವ ಇನ್ನೊಂದು ಬಗೆ ಗುಟ್ಟಿಲ್ಲದ ತಪಾಸಣೆ. ಏಜೆನ್ಸಿ ಕೊಟ್ಟ ಅಧಿಕಾರಪತ್ರವನ್ನು ವ್ಯವಸ್ಥಾಪಕರಿಗೆ ತೋರಿಸಿ, ಶೌಚಾಲಯದಿಂದ ಹಿಡಿದು ದೀಪಗಳವರೆಗೆ ಪಟ್ಟಿ ನೋಡಿ ಗುರುತು ಹಾಕುವ ಕೆಲಸವಿದು. ವೇಷ ಹಾಕಲು ಮುಜುಗರವಾಗುವವರಿಗೆ ಇದು ಒಗ್ಗುತ್ತದೆ. ಆದರೆ ಪರೀಕ್ಷೆಗೆ ಒಳಗಾದವರ ಎದುರೇ ನಿಂತು ಅವರ ಕೊರತೆಯನ್ನು ದಾಖಲಿಸುವ ಗಟ್ಟಿತನ ಬೇಕು, ಫೋಟೊಗಳ ಸಂಖ್ಯೆಯೂ ಹೆಚ್ಚು.

ಕುಳಿತು ಊಟ ಮಾಡುವ ರೆಸ್ಟೋರೆಂಟಿನ ಭೇಟಿಗೆ ಹೊಸಬರು ಬೇಗ ಮರುಳಾಗುತ್ತಾರೆ. ಪುಕ್ಕಟೆ ಊಟವೆಂಬ ಭಾವನೆ ಅದಕ್ಕೆ ಕಾರಣ. ವಾಸ್ತವದಲ್ಲಿ ನೀವು ಏನು ತರಿಸಬೇಕು, ಎಷ್ಟು ಜನ ಇರಬೇಕು, ಯಾವ ಹೊತ್ತಿಗೆ ಹೋಗಬೇಕು ಎಂಬುದನ್ನೆಲ್ಲ ಸೂಚನಾಪತ್ರವೇ ನಿರ್ಧರಿಸುತ್ತದೆ. ಊಟದ ನಡುವೆ ಪ್ರತಿ ತಟ್ಟೆ ಬಂದ ಸಮಯ, ಬಡಿಸಿದವರು ಎಷ್ಟು ಸಲ ಬಂದು ವಿಚಾರಿಸಿದರು, ಪಕ್ಕದ ಮೇಜನ್ನು ಎಷ್ಟು ಬೇಗ ಒರೆಸಿದರು ಎಂಬುದರ ಮೇಲೆ ಗಮನವಿರಬೇಕು. ಜೊತೆಗೆ ಬಂದವರೊಡನೆ ಮಾತೂ ಸಹಜವಾಗಿ ಸಾಗಬೇಕು. ವರದಿಯಲ್ಲಿ ಪುಟಗಟ್ಟಲೆ ವಿವರಣೆ ಕೇಳುತ್ತಾರೆ. ತಂಗುವ ಹೋಟೆಲಿನ ಭೇಟಿ ಇದರ ಮುಂದಿನ ಮೆಟ್ಟಿಲು: ಸ್ವಾಗತದ ಮೇಜು, ಕೊಠಡಿ, ಉಪಾಹಾರ, ದೂರು ಹೇಳಿದಾಗಿನ ಪ್ರತಿಕ್ರಿಯೆ, ಹೊರಡುವಾಗಿನ ಬಿಲ್ಲು ಪ್ರತಿಯೊಂದಕ್ಕೂ ಬೇರೆ ಭಾಗ. ಸಣ್ಣ ವರದಿಗಳನ್ನು ತಪ್ಪಿಲ್ಲದೆ ಬರೆಯುವ ರೂಢಿ ಬರುವ ತನಕ ಇವೆರಡನ್ನೂ ಮುಂದೂಡಿ.

ಬ್ಯಾಂಕು, ಕಾರು ಮಾರಾಟದ ಮಳಿಗೆ, ಬಾಡಿಗೆ ಮನೆ ತೋರಿಸುವ ಕಚೇರಿ ಇವುಗಳಲ್ಲಿ ಮಾರಾಟಗಾರರು ನಿಮ್ಮನ್ನು ಮರುಪ್ರಶ್ನಿಸುತ್ತಾರೆ. ಯಾವ ಊರಿಂದ ಬಂದಿರಿ, ಎಷ್ಟು ಆದಾಯ, ಯಾವಾಗ ಬೇಕು ಎಂದೆಲ್ಲ ಕೇಳಿದಾಗ ಮೊದಲೇ ಕಟ್ಟಿಕೊಂಡ ಕಥೆ ಹಳಿ ತಪ್ಪಬಾರದು. ನಿಮ್ಮ ನಿಜ ಜೀವನಕ್ಕೆ ಹತ್ತಿರವಾದ ಕಥೆಯೇ ಕ್ಷೇಮ. ಕಾರು ಓಡಿಸಲು ಬಾರದವರು ಕಾರಿನ ಭೇಟಿಯನ್ನು ಒಪ್ಪಿಕೊಂಡರೆ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಸಂಭಾವನೆ ಚೆನ್ನಾಗಿರುತ್ತದೆ, ವರದಿಯೂ ದೀರ್ಘ. ಅಡಗಿಸಿದ ಕ್ಯಾಮೆರಾದ ಭೇಟಿಗೆ ಇವೆಲ್ಲಕ್ಕಿಂತ ಹೆಚ್ಚು ಕೊಡುತ್ತಾರೆ, ಆದರೆ ಉಪಕರಣ, ತರಬೇತಿ, ಕಾನೂನಿನ ಅರಿವು ಮೂರೂ ಬೇಕಾಗುವುದರಿಂದ ಹೊಸಬರ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ವರದಿಯ ವಾಕ್ಯ ಹೇಗಿರಬೇಕು

ಭೇಟಿಯ ಬಗೆಯನ್ನು ಆರಿಸುವಾಗ ನಿಮ್ಮ ಬರವಣಿಗೆಯನ್ನೂ ಪ್ರಾಮಾಣಿಕವಾಗಿ ಅಳೆದುಕೊಳ್ಳಬೇಕಾದ್ದರಿಂದ ಒಂದು ಉದಾಹರಣೆ ಕೊಡುತ್ತೇನೆ. ‘ಕೌಂಟರಿನಲ್ಲಿದ್ದವರು ತುಂಬಾ ಒರಟಾಗಿದ್ದರು, ಗ್ರಾಹಕರೆಂದರೆ ಅವರಿಗೆ ಲೆಕ್ಕಕ್ಕೇ ಇಲ್ಲ’ ಎಂದು ಬರೆದರೆ ಸಂಪಾದಕರು ಅದನ್ನು ಹಿಂದಿರುಗಿಸುತ್ತಾರೆ. ‘ನಾನು 4:12ಕ್ಕೆ ಕೌಂಟರಿನ ಮುಂದೆ ನಿಂತೆ. ಕನ್ನಡಕ ಧರಿಸಿದ್ದ, ಗಿಡ್ಡ ಕೂದಲಿನ ಸಿಬ್ಬಂದಿ ಫೋನ್ ನೋಡುತ್ತಿದ್ದರು. ಮುಂದೆ ಬೇರೆ ಗ್ರಾಹಕರಿರಲಿಲ್ಲ. 4:14ಕ್ಕೆ ತಲೆಯೆತ್ತಿ “ಏನು ಬೇಕು?” ಎಂದರು. ಬಿಲ್ಲು ಕೊಡುವಾಗ ಏನನ್ನೂ ಹೇಳಲಿಲ್ಲ’ ಎಂದು ಬರೆದರೆ ಅದೇ ಸಂಗತಿ ಸಾಕ್ಷ್ಯವಾಗುತ್ತದೆ. ಓದುವವರು ಒರಟುತನವನ್ನು ತಾವೇ ಕಂಡುಕೊಳ್ಳುತ್ತಾರೆ. ಅದು ಒರಟುತನವೇ ಅಲ್ಲ, ಸಿಬ್ಬಂದಿಯ ಕೊರತೆಯಿರುವ ಮಳಿಗೆಯಲ್ಲಿ ದಣಿದ ಒಬ್ಬರ ಮೌನ ಎಂದು ಕಾಣುವ ಅವಕಾಶವೂ ಅವರಿಗೆ ಉಳಿಯುತ್ತದೆ. ನಿಮ್ಮ ವರದಿಯ ಆಧಾರದ ಮೇಲೆ ಯಾರೋ ಒಬ್ಬರಿಗೆ ಬಹುಮಾನ ಸಿಗಬಹುದು, ಇನ್ನೊಬ್ಬರನ್ನು ಕರೆದು ಪ್ರಶ್ನಿಸಬಹುದು. ಹೋಗದೆಯೇ ಹೋದಂತೆ ಬರೆಯುವುದು, ನೆನಪಿಲ್ಲದ ವಿವರವನ್ನು ಊಹಿಸಿ ತುಂಬುವುದು ಆ ಕಾರಣಕ್ಕೇ ದೊಡ್ಡ ಅಪರಾಧ. ಬಿಲ್ಲಿನ ಮೇಲಿನ ಸಮಯ, ಫೋಟೊದಲ್ಲಿ ದಾಖಲಾಗುವ ಸ್ಥಳದ ಗುರುತು ಇವುಗಳಿಂದ ಅದು ಬಯಲಾಗುತ್ತದೆ ಎಂಬುದು ಎರಡನೆಯ ಮಾತು.

ಸಂಭಾವನೆ, ಮರುಪಾವತಿ ಮತ್ತು ನಿಜವಾದ ದರ

ಕೆಲಸಗಳು ಹಣದ ದೃಷ್ಟಿಯಿಂದ ಮೂರು ರೀತಿ ಇರುತ್ತವೆ: ಸಂಭಾವನೆ ಮಾತ್ರ, ಮರುಪಾವತಿ ಮಾತ್ರ, ಎರಡೂ ಸೇರಿದ್ದು. ಮರುಪಾವತಿಗೆ ಯಾವಾಗಲೂ ಒಂದು ಮಿತಿ ಇರುತ್ತದೆ; ಅದನ್ನು ಮೀರಿದ್ದು ನಿಮ್ಮ ಜೇಬಿನಿಂದ. ಬಿಲ್ಲು ಕಳೆದುಹೋದರೆ ಅಥವಾ ವರದಿ ತಿರಸ್ಕೃತವಾದರೆ ಖರ್ಚೂ ಹೋಯಿತು, ಶ್ರಮವೂ ಹೋಯಿತು. ಮರುಪಾವತಿ ಮಾತ್ರ ಕೊಡುವ ಭೇಟಿಯನ್ನು ಒಪ್ಪಿಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಈ ಊಟಕ್ಕೆ, ಈ ಸಾಮಾನಿಗೆ ನಾನು ಹೇಗೂ ಹಣ ಕೊಡುತ್ತಿದ್ದೆನೇ? ಇಲ್ಲವೆಂದಾದರೆ ನೀವು ಸಂಪಾದಿಸುತ್ತಿಲ್ಲ, ಸಂಬಳವಿಲ್ಲದೆ ಬರೆಯುತ್ತಿದ್ದೀರಿ.

ಸಂಭಾವನೆಯ ಮೊತ್ತಗಳನ್ನು ನೇರವಾಗಿ ಹೋಲಿಸಬಾರದು, ಗಂಟೆಯ ಲೆಕ್ಕಕ್ಕೆ ಇಳಿಸಿ ಹೋಲಿಸಬೇಕು. ಒಂದು ಸಣ್ಣ ಭೇಟಿಗೆ 100 ಎಂದಿಟ್ಟುಕೊಳ್ಳಿ. ಸೂಚನೆ ಓದಲು 10 ನಿಮಿಷ, ಹೋಗಿಬರಲು 20, ಒಳಗೆ 10, ವರದಿಗೆ 20, ಒಟ್ಟು ಒಂದು ಗಂಟೆ. ಗಂಟೆಗೆ 100 ಬಿತ್ತು. ಇನ್ನೊಂದು ದೊಡ್ಡ ಭೇಟಿಗೆ 300 ಕೊಡುತ್ತಾರೆ. ಓದಲು 30 ನಿಮಿಷ, ಹೋಗಿಬರಲು 60, ಒಳಗೆ 60, ವರದಿಗೆ 120, ಒಟ್ಟು ನಾಲ್ಕೂವರೆ ಗಂಟೆ. ಗಂಟೆಗೆ ಸುಮಾರು 67. ಮೂರು ಪಟ್ಟು ದೊಡ್ಡದಾಗಿ ಕಂಡ ಕೆಲಸ ಮೂರನೇ ಒಂದು ಭಾಗ ಕಡಿಮೆ ಕೊಟ್ಟಿತು. ಓಡಾಟದ ವೆಚ್ಚವನ್ನು ಇನ್ನೂ ಕಳೆದಿಲ್ಲ. ಅನುಭವಿಗಳು ಒಂದೇ ದಿಕ್ಕಿನ ಹಲವು ಭೇಟಿಗಳನ್ನು ಒಂದೇ ದಿನಕ್ಕೆ ಜೋಡಿಸಿಕೊಳ್ಳುವುದು ಈ ಓಡಾಟದ ಪಾಲನ್ನು ಹಂಚಲೆಂದೇ. ಹೊಸಬರು ಹಾಗೆ ಮಾಡುವಾಗ ಒಂದು ದಿನಕ್ಕೆ ಎರಡಕ್ಕಿಂತ ಹೆಚ್ಚು ಭೇಟಿ ಇಟ್ಟುಕೊಳ್ಳಬಾರದು, ಏಕೆಂದರೆ ಒಂದು ಅಂಗಡಿಯ ವಿವರ ಇನ್ನೊಂದರ ವರದಿಯೊಳಗೆ ನುಸುಳಿಬಿಡುತ್ತದೆ.

ಗಡುವು ಹತ್ತಿರವಾದರೂ ಯಾರೂ ತೆಗೆದುಕೊಳ್ಳದ ಕೆಲಸಕ್ಕೆ ಏಜೆನ್ಸಿ ಹೆಚ್ಚುವರಿ ಹಣ ಸೇರಿಸುವುದುಂಟು. ಅದಕ್ಕಾಗಿ ಕಾಯುವುದು ತಪ್ಪಲ್ಲ. ಆದರೆ ಅಂಥ ಕೆಲಸ ಅಷ್ಟು ದಿನ ಏಕೆ ಉಳಿಯಿತು ಎಂದು ಸೂಚನಾಪತ್ರದಲ್ಲಿ ಹುಡುಕಿ ನೋಡಿ. ದೂರವೋ, ಉದ್ದದ ವರದಿಯೋ, ವಿಚಿತ್ರವಾದ ಸಮಯವೋ ಅಲ್ಲಿ ಇರುತ್ತದೆ.

ಪ್ರಮಾಣಪತ್ರ ಬೇಕೇ

1998ರಲ್ಲಿ ಆರಂಭವಾದ ಎಂಎಸ್‌ಪಿಎ ಈ ಕ್ಷೇತ್ರದ ಏಜೆನ್ಸಿಗಳ ಸಂಘ. ಅದರ ಪ್ರಾದೇಶಿಕ ವಿಭಾಗಗಳ ಜಾಲತಾಣಗಳಲ್ಲಿ ಸದಸ್ಯ ಸಂಸ್ಥೆಗಳ ಪಟ್ಟಿ ಸಿಗುತ್ತದೆ. ಏಜೆನ್ಸಿ ಹುಡುಕಲು ಅದು ನಂಬಬಹುದಾದ ಜಾಗ. ಅದರ ಅಮೆರಿಕ ವಿಭಾಗ ಶಾಪರ್‌ಗಳಿಗೆ ಪ್ರಮಾಣಪತ್ರದ ಕೋರ್ಸನ್ನೂ ನಡೆಸುತ್ತ ಬಂದಿದೆ. ಕೆಲಸ ಸಿಗಲು ಅದು ಕಡ್ಡಾಯವಲ್ಲ. ಆರೇಳು ವರದಿಗಳನ್ನು ಬರೆದು, ಈ ಕೆಲಸ ನನಗೆ ಒಗ್ಗುತ್ತದೆ ಎಂದು ಖಚಿತವಾದ ಮೇಲೆ ಯೋಚಿಸಿದರೆ ಸಾಕು.

ಮೋಸದ ಕೆಲಸವನ್ನು ಗುರುತಿಸುವುದು

ಈ ಕ್ಷೇತ್ರದ ಹೆಸರಿನಲ್ಲಿ ನಡೆಯುವ ವಂಚನೆ ಎಷ್ಟು ವ್ಯಾಪಕವೆಂದರೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಇದರ ಬಗ್ಗೆಯೇ ಪ್ರತ್ಯೇಕ ಎಚ್ಚರಿಕೆ ಪ್ರಕಟಿಸಿದೆ. ಅದರ ಸಾಮಾನ್ಯ ರೂಪ ಹೀಗಿರುತ್ತದೆ: ನೀವು ಅರ್ಜಿ ಹಾಕದಿದ್ದರೂ ಆಯ್ಕೆಯಾಗಿದ್ದೀರೆಂಬ ಪತ್ರವೋ ಸಂದೇಶವೋ ಬರುತ್ತದೆ, ಜೊತೆಗೆ ದೊಡ್ಡ ಮೊತ್ತದ ಚೆಕ್ಕು. ಅದನ್ನು ಖಾತೆಗೆ ಹಾಕಿ, ಒಂದು ಪಾಲನ್ನು ಸಂಬಳವಾಗಿ ಇಟ್ಟುಕೊಂಡು, ಉಳಿದದ್ದಕ್ಕೆ ಗಿಫ್ಟ್ ಕಾರ್ಡ್ ಕೊಂಡು ಅದರ ಸಂಖ್ಯೆಗಳನ್ನು ಕಳುಹಿಸಿ, ಅಥವಾ ಹಣ ರವಾನೆಯ ಸೇವೆಯನ್ನು ‘ಪರೀಕ್ಷಿಸಿ’ ಎನ್ನುತ್ತಾರೆ. ಖಾತೆಯಲ್ಲಿ ಹಣ ಕಾಣಿಸಿದ ಮಾತ್ರಕ್ಕೆ ಚೆಕ್ಕು ನಿಜವೆಂದು ಅರ್ಥವಲ್ಲ. ಅದು ನಕಲಿ ಎಂದು ತಿಳಿಯುವಷ್ಟರಲ್ಲಿ ವಾರಗಳೇ ಕಳೆದಿರಬಹುದು, ಬ್ಯಾಂಕು ಆ ಮೊತ್ತವನ್ನು ನಿಮ್ಮಿಂದಲೇ ವಸೂಲು ಮಾಡುತ್ತದೆ. ನಿಜವಾದ ಏಜೆನ್ಸಿ ಕೆಲಸಕ್ಕೆ ಮೊದಲು ಚೆಕ್ಕು ಕಳುಹಿಸಿ ಅದರಲ್ಲೊಂದು ಪಾಲನ್ನು ಹಿಂದಕ್ಕೆ ಕೇಳುವುದಿಲ್ಲ. ನೋಂದಣಿಗೆ ಹಣ ಕೇಳುವುದಿಲ್ಲ. ಕೆಲಸಗಳ ‘ಗುಪ್ತ ಪಟ್ಟಿ’ಯನ್ನು ಮಾರುವುದಿಲ್ಲ. ಪ್ರಸಿದ್ಧ ಏಜೆನ್ಸಿಯ ಹೆಸರನ್ನೇ ಕದ್ದು ಬರೆಯುವವರೂ ಇರುವುದರಿಂದ, ಬಂದ ಸಂದೇಶದ ಕೊಂಡಿಯನ್ನು ಒತ್ತದೆ ಆ ಸಂಸ್ಥೆಯ ಅಧಿಕೃತ ಜಾಲತಾಣಕ್ಕೆ ನೀವೇ ಹೋಗಿ ವಿಚಾರಿಸಿ.

ಯಾವುದನ್ನು ಬೇಡವೆನ್ನಬೇಕು

ನೀವೋ ಮನೆಯವರೋ ಕೆಲಸ ಮಾಡುವ ಕಂಪನಿಯ, ಅದರ ಪ್ರತಿಸ್ಪರ್ಧಿಯ ಭೇಟಿಗಳನ್ನು ಒಪ್ಪಿಕೊಳ್ಳಬೇಡಿ. ಒಪ್ಪಂದಪತ್ರದಲ್ಲಿ ಹಿತಾಸಕ್ತಿಯ ಸಂಘರ್ಷದ ಕಲಮು ಇದ್ದೇ ಇರುತ್ತದೆ. ಪರಿಚಯದವರು ಕೆಲಸಕ್ಕಿರುವ ಶಾಖೆಯೂ ಬೇಡ. ಮಕ್ಕಳನ್ನು ಕರೆದೊಯ್ಯಬಾರದೆಂದು ಸೂಚನೆಯಿದ್ದು ಬಿಟ್ಟುಹೋಗಲು ಯಾರೂ ಇಲ್ಲದ ದಿನ ಆ ಭೇಟಿಯನ್ನು ಹಿಡಿಯಬೇಡಿ. ಒಪ್ಪಿಕೊಂಡ ಮೇಲೆ ಹೋಗಲಾಗದ ಪರಿಸ್ಥಿತಿ ಬಂದರೆ ಗಡುವಿನ ತನಕ ಸುಮ್ಮನಿರದೆ ಅಂದೇ ಕೆಲಸ ಹಂಚುವವರಿಗೆ ತಿಳಿಸಿ, ಬೇರೊಬ್ಬರನ್ನು ಹುಡುಕಲು ಅವರಿಗೆ ಸಮಯ ಸಿಗಲಿ. ಯಾವ ಅಂಗಡಿಗೆ ಹೋಗಿದ್ದಿರಿ, ಏನು ಬರೆದಿರಿ ಎಂಬುದನ್ನು ಹೊರಗೆ ಹೇಳಿಕೊಳ್ಳುವುದೂ ಒಪ್ಪಂದದ ಉಲ್ಲಂಘನೆಯೇ. ಸಂಪಾದಕರು ವರದಿಗಳನ್ನು ಪ್ರಶ್ನೆಗಳಿಲ್ಲದೆ ಸ್ವೀಕರಿಸತೊಡಗಿದ ಮೇಲೆ, ಮೇಲೆ ಮುಂದೂಡಿದ ಬಗೆಗಳಲ್ಲಿ ಒಂದನ್ನು ಆರಿಸಿ ಅರ್ಜಿ ಹಾಕಬಹುದು. ಆಗಲೂ ಮೊದಲು ಪ್ರಶ್ನಾವಳಿಯನ್ನು ಕೊನೆಯ ಪುಟದವರೆಗೆ ಓದಿ, ಆಮೇಲೆ ಸಂಭಾವನೆಯ ಅಂಕಣವನ್ನು ನೋಡಿ.